“ನೀವು ಮುಚ್ಚಿಡುತ್ತೀರಂತೆ, ಹೌದೇ?”

ಮದುವೆಯ ಊಟದ ಪಂಕ್ತಿಯಲ್ಲೂ ಈ ಪ್ರಶ್ನೆ ಬರುತ್ತದೆ: “ತಪ್ಪು ಔಷಧಿ ಕೊಟ್ಟರೆ ನೀವು ನರ್ಸುಗಳು ಮುಚ್ಚಿಡುತ್ತೀರಂತೆ, ಹೌದೇ ಸಿಸ್ಟರ್?” ನನ್ನನ್ನು ಕೆರಳಿಸುವುದು ಆ ‘ಅಂತೆ’. ತೀರ್ಪು ಕೊಟ್ಟಾದ ಮೇಲೆ ವಿಚಾರಣೆ ಏಕೆ? ಬಾಯಲ್ಲಿ ಹೇಳಿ ಸಾಕಾಗಿದೆ, ಬರೆಯುತ್ತೇನೆ.

ಕಾಸರಗೋಡಿನ ಗಡಿಯ ಒಂದು ಸಣ್ಣ ಆಸ್ಪತ್ರೆ. ರಾತ್ರಿಪಾಳಿಗೆ ನಾನೊಬ್ಬಳೇ. ಇನ್ಸುಲಿನ್ ವಾಯಲ್‌ಗಳಲ್ಲಿ, ಅಂದರೆ ಔಷಧಿಯ ಪುಟ್ಟ ಸೀಸೆಗಳಲ್ಲಿ, ಮಿಲಿಲೀಟರಿಗೆ 40 ಯೂನಿಟ್‌ನದೂ ಇದೆ, 100 ಯೂನಿಟ್‌ನದೂ ಇದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ಎರಡೂ ಒಂದೇ ಟ್ರೇಯಲ್ಲಿದ್ದವು. ಒಬ್ಬ ಅಜ್ಜಿಗೆ ಕೊಡಬೇಕಾದದ್ದು 12 ಯೂನಿಟ್. 100ರ ವಾಯಲ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ 12ರ ಗೆರೆಯವರೆಗೆ ಎಳೆದೆ. ಆ ಸಿರಿಂಜಿನ ಗೆರೆಗಳು 40ರ ಔಷಧಿಗೆ ಲೆಕ್ಕ ಹಾಕಿದವು, ಹೀಗಾಗಿ ಅಜ್ಜಿಯ ಮೈಗೆ ಹೋದದ್ದು 30 ಯೂನಿಟ್. ಸಿರಿಂಜ್ ಬಿಸಾಡುವಾಗ ಮುಚ್ಚಳದ ಬಣ್ಣ ಕಂಡಿತು.

ಆಗಲೇ ವೈದ್ಯರಿಗೆ ಫೋನ್ ಮಾಡಿದೆ. ಗ್ಲೂಕೋಸ್ ಏರಿಸಿ, ಬೆಳಗಾಗುವವರೆಗೆ ಮತ್ತೆ ಮತ್ತೆ ಸಕ್ಕರೆ ನೋಡಿದೆ. ಅದು ಸುಮಾರು 24 ಗಂಟೆ ಕೆಲಸ ಮಾಡುವ ಇನ್ಸುಲಿನ್. ಮರುದಿನವೂ ನಾನು ಮನೆಗೆ ಹೋಗಲಿಲ್ಲ. ಅಜ್ಜಿ ಉಳಿದರು. ಅವರ ಮಗನಿಗೆ ನಾನೇ ಹೇಳಿದೆ. ಅವರು ತುಂಬ ಹೊತ್ತು ಸುಮ್ಮನಿದ್ದು, “ನಾಳೆಯೂ ನೀವೇ ಚುಚ್ಚುತ್ತೀರಾ?” ಎಂದು ಕೇಳಿದರು. ಹಳ್ಳಿಯಲ್ಲಿ ಹೇಳುವುದೆಂದರೆ ಇದು. ದಿನವೂ ನಾನು ಹತ್ತುವ ಬಸ್ಸಿನಲ್ಲೇ ಅವರೂ ಹತ್ತುತ್ತಾರೆ. ಮುಚ್ಚಿಟ್ಟವರನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅವರ ಗಂಟಲು ಏಕೆ ಕಟ್ಟುತ್ತದೆ ಎಂಬುದು ನನಗೆ ಗೊತ್ತು.

‘ಹೇಳಿದ ಮೇಲೆ ಆಸ್ಪತ್ರೆಯಲ್ಲಿ ಏನು ಬದಲಾಯಿತು?’ ಎಂದು ಯಾರಾದರೂ ಕೇಳಬಾರದೇ? ನನಗೆ ಮೆಮೊ ಬಂತು. ಔಷಧಿಗಳ ಅಡ್ಡಪರಿಣಾಮ ದಾಖಲಿಸಲು ದೇಶದಲ್ಲಿ 2010ರಿಂದ ಒಂದು ಕಾರ್ಯಕ್ರಮವೇ ಇದೆ. ವರದಿ ಸಲ್ಲಿಸಿದ ಮಾತ್ರಕ್ಕೆ ಸಿಬ್ಬಂದಿ ತಪ್ಪೊಪ್ಪಿಕೊಂಡಂತೆ ಅಲ್ಲವೆಂದು ಅದರ ನಮೂನೆಯಲ್ಲೇ ಅಚ್ಚು ಹಾಕಿದ್ದಾರೆ. ನನ್ನ ಮೆಮೊದಲ್ಲಿದ್ದದ್ದು ಒಂದೇ ಪ್ರಶ್ನೆ: ಏಕೆ ತಪ್ಪಿದಿರಿ? ರಾತ್ರಿ ಎಷ್ಟು ಜನರಿದ್ದಿರಿ, ಎರಡು ಬಗೆಯ ಸಿರಿಂಜ್ ಒಟ್ಟಿಗೆ ಏಕಿತ್ತು ಎಂದು ಯಾರೂ ಕೇಳಲಿಲ್ಲ. ಕೊನೆಗೆ ನಾನೇ ಎರಡು ಡಬ್ಬಿ ತಂದು, ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಅಂಟಿಸಿದೆ.

ಆಮೇಲೊಂದು ದಿನ ಹೊಸದಾಗಿ ಸೇರಿದ ಹುಡುಗಿ ಸಿರಿಂಜ್ ಹಿಡಿದು ಬಂದಳು. ತಪ್ಪು ವಾಯಲ್‌ನಿಂದ ಎಳೆದಿದ್ದಳು. ಚುಚ್ಚುವ ಮೊದಲೇ ಅವಳಿಗೆ ತಿಳಿದಿತ್ತು. “ಇದನ್ನೂ ಬರೆಯಬೇಕಾ ಅಕ್ಕಾ?” ಎಂದು ಕೇಳಿದಳು.

ಬರೆಯಬೇಕು ಎಂದೆ. ಆದರೆ ಹಾಗೆನ್ನಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು, ಅದನ್ನು ಅವಳು ನೋಡಿದಳು.