ತೊಂದರೆಯಿಲ್ಲದ ಮನೆಯ ಬಾಗಿಲನ್ನೂ ತಟ್ಟಬೇಕು

ರಸ್ತೆಯ ತಿರುವೊಂದರಲ್ಲಿ ವಾಹನಗಳು ಅತಿವೇಗದಿಂದ ಬರುತ್ತವೆ, ಅಲ್ಲಿ ಉಬ್ಬು ಹಾಕಿಸಿಕೊಡಬೇಕು ಎಂದು ನಾನು ಒಮ್ಮೆ ನಲವತ್ತು ಜನರ ಸಹಿ ಪಡೆದು ಮನವಿ ಸಲ್ಲಿಸಿದ್ದೆ. ಅದನ್ನು ಓದಿದ ಎಂಜಿನಿಯರ್ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಹೊತ್ತಿನಲ್ಲಿ ತೊಂದರೆ ಹೆಚ್ಚು?" ನನ್ನ ಬಳಿ ಉತ್ತರವಿರಲಿಲ್ಲ. ಸಹಿ ಹಾಕಿದವರನ್ನು ನಾನು ಏನನ್ನೂ ಕೇಳಿರಲಿಲ್ಲ, ಪೆನ್ನು ಮಾತ್ರ ಕೊಟ್ಟಿದ್ದೆ.

1854ರಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಕಾಲರಾ ಹರಡಿದಾಗ ವೈದ್ಯ ಜಾನ್ ಸ್ನೋ ಬ್ರಾಡ್ ಸ್ಟ್ರೀಟಿನ ಪಂಪಿನ ನೀರನ್ನು ಶಂಕಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ನನಗೆ ಹೆಚ್ಚು ಮುಖ್ಯವೆನಿಸುವುದು, ಸತ್ತವರ ಲೆಕ್ಕದೊಂದಿಗೆ ಬದುಕಿ ಉಳಿದವರ ವಿಚಾರವನ್ನೂ ಅವರು ಕೆದಕಿದ್ದು. ಪಂಪಿನ ಸಮೀಪದಲ್ಲೇ ಇದ್ದ ಬಡವರ ಆಶ್ರಯಗೃಹದಲ್ಲಿ 535 ಜನರಿದ್ದರೂ ಕಾಲರಾದಿಂದ ಸತ್ತವರು ಐದೇ ಮಂದಿ, ಏಕೆಂದರೆ ಅದಕ್ಕೆ ಸ್ವಂತ ಬಾವಿಯಿತ್ತು. ಅದೇ ಬೀದಿಯ ಬಿಯರ್ ತಯಾರಿಕಾ ಘಟಕದ ಕೆಲಸಗಾರರು ಆ ಪಂಪಿನ ನೀರನ್ನು ಮುಟ್ಟುತ್ತಲೇ ಇರಲಿಲ್ಲ. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆಯನ್ನು ಕಳಚಲಾಯಿತು. ಆ ಹೊತ್ತಿಗಾಗಲೇ ರೋಗ ಇಳಿಮುಖವಾಗಿತ್ತು ಎಂಬುದನ್ನು ಸ್ನೋ ಮುಚ್ಚಿಡಲಿಲ್ಲ. ತನ್ನ ವಾದಕ್ಕೆ ಅನುಕೂಲವಲ್ಲದ್ದನ್ನು ತಾನೇ ಬರೆದಿಡುವುದು ಸುಲಭವಲ್ಲ.

ಆ ಪ್ರದೇಶದ ಪಾದ್ರಿ ಹೆನ್ರಿ ವೈಟ್‌ಹೆಡ್ ಅವರಿಗಂತೂ ಸ್ನೋ ಅವರ ಮಾತಿನಲ್ಲಿ ನಂಬಿಕೆಯೇ ಇರಲಿಲ್ಲ. ಅದನ್ನು ಸುಳ್ಳೆಂದು ತೋರಿಸಲು ಮನೆಮನೆಗೆ ಹೋಗಿ ವಿಚಾರಿಸಿದ ಅವರೇ, ಕೊನೆಗೆ ಆ ಪಂಪಿನ ಬಾವಿಯ ಪಕ್ಕದ 40ನೆಯ ಸಂಖ್ಯೆಯ ಮನೆಯಲ್ಲಿ ಕಾಯಿಲೆ ಬಿದ್ದಿದ್ದ ಹಸುಗೂಸಿನ ಬಟ್ಟೆ ಒಗೆದ ನೀರು ಬಾವಿಗೆ ಸೋರುತ್ತಿದ್ದ ಮಲಗುಂಡಿಗೆ ಸೇರುತ್ತಿದ್ದುದನ್ನು ಪತ್ತೆಹಚ್ಚಿದರು.

ಎಂಜಿನಿಯರ್ ಕೇಳಿದ ಪ್ರಶ್ನೆ ಮನಸ್ಸಿನಲ್ಲಿ ಕೊರೆಯುತ್ತಿದ್ದುದರಿಂದ ನಾನು ನಾಲ್ಕು ಸಂಜೆ ನೋಟ್‌ಬುಕ್ ಹಿಡಿದು ಆ ತಿರುವಿನಲ್ಲಿ ನಿಂತೆ. ಅತಿವೇಗದಿಂದ ಬಂದ ವಾಹನಗಳು ನಾನೆಣಿಸಿದ್ದಕ್ಕಿಂತ ಬಹಳ ಕಡಿಮೆ. ರಸ್ತೆ ದಾಟುವವರು ಒಂದು ಹೆಜ್ಜೆ ಮುಂದಿಟ್ಟು ಬೆಚ್ಚಿ ಹಿಂದೆ ಸರಿದದ್ದು ಹೆಚ್ಚಾಗಿ, ಮೂಲೆಯಲ್ಲಿ ನಿಲ್ಲಿಸಿದ್ದ ಕಾರುಗಳು ಎದುರಿನ ನೋಟವನ್ನು ಮರೆಮಾಡಿದ್ದಾಗ. ಅದೇ ರಸ್ತೆಯ ಇನ್ನೊಂದು ತಿರುವಿನಲ್ಲಿ ಯಾರೂ ವಾಹನ ನಿಲ್ಲಿಸುತ್ತಿರಲಿಲ್ಲ. ಅಲ್ಲಿನ ಮನೆಯವರಿಗೆ ದೂರೂ ಇರಲಿಲ್ಲ. ಆ ಮನೆಗಳಿಗೆ ನಾನು ಮೊದಲು ಹೋಗಿಯೇ ಇರಲಿಲ್ಲ.

ಉಬ್ಬಿನ ಬೇಡಿಕೆ ಕೈಬಿಟ್ಟು, ಮೂಲೆಯಲ್ಲಿ ವಾಹನ ನಿಲುಗಡೆಯನ್ನು ನಿಷೇಧಿಸಬೇಕೆಂದು ಹೊಸ ಮನವಿ ಬರೆದೆ. ಹಳೆಯ ನಲವತ್ತು ಜನರಲ್ಲಿ ಮೂವರು ಇದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಆ ಮೂಲೆಯಲ್ಲಿ ನಿಲ್ಲುತ್ತಿದ್ದ ಕಾರುಗಳು ಅವರವೇ.