ಅಂಗಳದ ನಾಯಿಗೆ ಸೂಜಿ ಹಾಕುವ ಮೊದಲು

ಹುಚ್ಚುನಾಯಿ ರೋಗದ ಲಸಿಕೆ ಹಾಕಲು ತೀರ್ಥಹಳ್ಳಿ, ಹೊಸನಗರದ ಕಡೆ ಮನೆಮನೆಗೆ ಹೋಗುವವರಿಗೆ ಎದುರಾಗುವುದು ಹೆಚ್ಚಾಗಿ ಒಂಟಿಮನೆಯ ನಾಯಿಗಳು. ಸುತ್ತ ತೋಟ, ಹೊಸ ಮುಖ ಅಪರೂಪ, ಹಗಲಿಡೀ ಸರಪಳಿ. ಬೊಗಳುವ ನಾಯಿಗೆ ಎಲ್ಲರೂ ಹೆದರುತ್ತಾರೆ. ನಾವು ಹೆದರಬೇಕಾದ್ದು ಬೊಗಳುತ್ತಿದ್ದು, ಹತ್ತಿರ ಹೋದಾಗ ತಟ್ಟನೆ ಸುಮ್ಮನಾಗುವ ನಾಯಿಗೆ. ಬಾಯಿ ಮುಚ್ಚಿ, ಮೈ ಸೆಟೆಸಿ, ಮುಖ ಅತ್ತ ತಿರುಗಿಸಿ, ಕಣ್ಣು ಮಾತ್ರ ನಿಮ್ಮ ಕೈ ಮೇಲಿಟ್ಟು ಅಂಚಿನ ಬಿಳಿ ತೋರಿಸಿತೋ, ಕೈ ಅಲ್ಲಿಗೇ ನಿಲ್ಲಲಿ.

"ಬಾಲ ಅಲ್ಲಾಡಿಸ್ತಿದೆ, ಏನೂ ಮಾಡಲ್ಲ ಬನ್ನಿ" ಎಂದು ಜಗುಲಿಯಿಂದ ಕೂಗುತ್ತಾರೆ. ನಂಬಬೇಡಿ. ಸೊಂಟವೂ ಸೇರಿ ಸಡಿಲವಾಗಿ ಬೀಸಿದರೆ ಸರಿ. ಬಾಲ ನೆಟ್ಟಗೆ ಮೇಲೆದ್ದು ತುದಿಯಷ್ಟೇ ಬಿಗಿಯಾಗಿ ಅದುರುತ್ತಿದ್ದರೆ ಹಿಂದೆ ಸರಿಯಿರಿ. ನಮ್ಮ ನಾಟಿ ನಾಯಿಗಳ ಬಾಲ ಹೇಗೂ ಡೊಂಕು. ಅದು ಬಿಚ್ಚಿಕೊಂಡು ಕೆಳಗಿಳಿದಿದ್ದರೆ ಅದೇ ಭಯದ ಗುರುತು.

ಇದಕ್ಕೂ ಮೊದಲೇ ಸಣ್ಣ ಸೂಚನೆಗಳು ಬಂದಿರುತ್ತವೆ: ತಿನ್ನಲು ಏನೂ ಇಲ್ಲದೆ ಮೂಗು ನೆಕ್ಕುವುದು, ಆಕಳಿಕೆ, ಎತ್ತಿ ಹಿಡಿದ ಮುಂಗಾಲು, ನೆನೆಯದಿದ್ದರೂ ಮೈ ಕೊಡವುವುದು, ಮಾಗಿಯ ಚಳಿಯಲ್ಲೂ ತೇಕುವುದು. ಒಣ ಸಿಮೆಂಟಿನ ಮೇಲೆ ಒದ್ದೆ ಹೆಜ್ಜೆ ಮೂಡಿದರೆ ಅಂಗಾಲು ಬೆವರುತ್ತಿದೆ ಎಂದರ್ಥ. ಆದರೆ ಪ್ರತಿ ಸಲವೂ ಅದೇ ಕಾಲು ಎತ್ತುತ್ತಿದ್ದರೆ, ಕಿವಿ ಮಾತ್ರ ಒದರುತ್ತಿದ್ದರೆ ಉಣುಗು ಇದೆಯೇ ನೋಡಿಸಿ. ನೋವಿರುವ ನಾಯಿ ಬೇಗ ಕಚ್ಚುತ್ತದೆ.

ಗುರುಗುಟ್ಟಿದ್ದಕ್ಕೆ ಮಾಲೀಕರು ಹೊಡೆಯಲು ಕೋಲೆತ್ತಿದರೆ ತಡೆಯಿರಿ. ಪೆಟ್ಟು ತಿಂದ ನಾಯಿ ಗುರುಗುಟ್ಟುವುದನ್ನು ಬಿಡಬಹುದು, ಭಯವನ್ನಲ್ಲ. ಮುಂದಿನ ಸಲ ಎಚ್ಚರಿಕೆಯೇ ಇಲ್ಲದೆ ಕಚ್ಚುತ್ತದೆ.

ಸಿರಿಂಜಿಗೆ 1 ಮಿ.ಲೀ. ತುಂಬಿಸುವ ಕೆಲಸ ನಾಯಿಯ ಕಣ್ಣಿಗೆ ಬೀಳದ ಕಡೆ ಮುಗಿಯಲಿ. ಸರಪಳಿಯ ಅಳತೆಯಿಂದಾಚೆ ಪಕ್ಕಕ್ಕೆ ತಿರುಗಿ ಎರಡು ಮೂರು ನಿಮಿಷ ನಿಂತಿರಿ; ದಿಟ್ಟಿಸಬೇಡಿ, ಮೂಸಲೆಂದು ಕೈ ಚಾಚಬೇಡಿ, ಮೇಲೆ ಬಾಗಬೇಡಿ. ಸರಪಳಿ ಗಿಡ್ಡ ಮಾಡಿ ಎಳೆದರೆ ತಪ್ಪಿಸಿಕೊಳ್ಳುವ ದಾರಿ ಮುಚ್ಚುತ್ತದೆ, ಉಳಿಯುವುದು ಕಚ್ಚುವ ದಾರಿಯೊಂದೇ. ಮನೆಯವರೇ ಪಕ್ಕದಿಂದ ತಲೆಯನ್ನು ಎದೆಗೊತ್ತಿ ಹಿಡಿಯಲಿ. ಬಾಯಿಗೆ ಪಟ್ಟಿ ಕಟ್ಟಲೇಬೇಕಾದರೆ ಗದ್ದದ ಕೆಳಗೆ ಗಂಟು, ಕಿವಿಯ ಹಿಂದೆ ಇನ್ನೊಂದು. ಚುಚ್ಚಿದ ತಕ್ಷಣ ಬಿಚ್ಚಿಸಿ, ಬಾಯಿ ಕಟ್ಟಿದ ನಾಯಿ ತೇಕಲಾರದೆ ಕಾವೇರುತ್ತದೆ. ಮೋಟು ಮೂತಿಯ ಪಗ್‌ಗೆ ಪಟ್ಟಿ ಬೇಡವೇ ಬೇಡ.

ಮಂಗ ಓಡಿಸಲು ಬೆಳಿಗ್ಗೆ ತೋಟದಲ್ಲಿ ಗರ್ನಲ್ (ದೊಡ್ಡ ಸದ್ದಿನ ಪಟಾಕಿ) ಹೊಡೆದಿದ್ದಾರೆಯೇ ಎಂದು ಕೇಳುವುದು ಒಳ್ಳೆಯದು. ಹೌದಾದರೆ ಆ ಮನೆಗೆ ಇನ್ನೊಂದು ದಿನ ಹೋಗಿ. ಆಗಲೇ ಬೆದರಿರುವ ನಾಯಿಗೆ ನಾವು ಎರಡನೇ ಸಿಡಿತವಾಗುತ್ತೇವೆ.

ಹಲ್ಲು ತಾಗಿ ಚರ್ಮ ತರಚಿದರೂ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಮೆತ್ತಬೇಡಿ. "ಈಗಷ್ಟೇ ಲಸಿಕೆ ಹಾಕಿದ ನಾಯಿ ತಾನೇ" ಎಂಬ ಮಾತಿಗೆ ಬೆಲೆಯಿಲ್ಲ, ಮೊದಲ ಸಲ ಲಸಿಕೆ ಕಂಡ ನಾಯಿಯಲ್ಲಿ ರಕ್ಷಣೆ ಮೂಡಲು ವಾರಗಳೇ ಬೇಕು.