ಡಿಲೀಟ್ ಹೊಡದ್ರೂ ಡಿಸ್ಕ್ ಯಾಕ ಖಾಲಿ ಆಗಂಗಿಲ್ಲ

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಸಾಫ್ಟ್‌ವೇರ್ ನಾವು ಹುಬ್ಬಳ್ಳಿಯಿಂದನ ನೋಡ್ಕೊಂತೀವಿ. ಮೆಣಸಿನಕಾಯಿ ಸೀಸನ್‌ನಾಗ ಚೀಲದ ತೂಕ, ಲಾಟ್ ನಂಬರ್, ಚೇಂಬರಿನ ಟೆಂಪರೇಚರ್ ರೀಡಿಂಗ್ ಎಲ್ಲಾ ಪೋಸ್ಟ್‌ಗ್ರೆಸ್ ಅನ್ನೂ ಡೇಟಾಬೇಸ್‌ನಾಗ ಬಂದು ಬೀಳ್ತಾವು. ಮೊನ್ನೆ ಅಲ್ಲಿನ ಮ್ಯಾನೇಜರ್ ಫೋನ್ ಮಾಡಿ "ಹಳೇ ರೀಡಿಂಗ್ ಎಲ್ಲಾ ಅಳಿಸೇವ್ರಿ ಸರ, ಡಿಸ್ಕ್ ಇನ್ನೂ 92 ಪರ್ಸೆಂಟ್ ತೋರಸಾಕತ್ತೈತಿ" ಅಂದ್ರು.

ಪೋಸ್ಟ್‌ಗ್ರೆಸ್‌ನಾಗ ಡಿಲೀಟ್ ಅಂದ್ರ ಆ ಸಾಲು ಸತ್ತೈತಿ ಅಂತ ಗುರ್ತು ಹಾಕೂದು ಅಷ್ಟ, ಯಾಕಂದ್ರ ಅದ ಹೊತ್ತಿಗೆ ಬ್ಯಾರೆ ಯಾರರ ರಿಪೋರ್ಟ್ ತೆಗೀತಿದ್ರ ಅವರಿಗೆ ಹಳೇ ಸಾಲು ಕಾಣಬೇಕಲ್ಲ. ಆಮ್ಯಾಲೆ ವ್ಯಾಕ್ಯೂಮ್ ಅನ್ನೂ ಸ್ವಚ್ಛ ಮಾಡೂ ಕೆಲಸ ನಡದು ಆ ಜಾಗಾನ ಹೊಸಾ ಸಾಲಿಗೆ ಬಿಟ್ಟು ಕೊಡ್ತೈತಿ, ಆದ್ರ ಫೈಲ್ ಅಷ್ಟ ದೊಡ್ಡದು ಉಳೀತೈತಿ, ಫೈಲಿನ ಕಡೀ ತುದಿಯ ಪೇಜು ಪೂರ್ತಿ ಖಾಲಿ ಇದ್ರ ಮಾತ್ರ ಒಂದೀಟು ಕಡಿಮಿ ಆಗ್ತೈತಿ. ಚೀಲ ಹೊರಗ ಹಾಕಿದ್ರ ಸ್ಟೋರೇಜಿನ ಕಟ್ಟಡ ಸಣ್ಣದಾಗ್ತೈತೇನ್ರಿ ಅಂತ ಕೇಳಿದೆ, ಅವರಿಗೆ ತಟ್ಟನ ತಿಳೀತು. ಮೈಎಸ್‌ಕ್ಯೂಎಲ್ ಅನ್ನೂ ಇನ್ನೊಂದು ಡೇಟಾಬೇಸ್‌ನಾಗ ಡೇಟಾ ಇಡೂ ಇನ್ನೋಡಿಬಿನಾಗೂ ಹಿಂಗ.

ಮುಂದಿನ ಸೀಸನ್‌ಗೆ ಅಷ್ಟ ಡೇಟಾ ಮತ್ತ ಬರೂದೈತಿ ಅಂದ್ರ ಬರೇ ವ್ಯಾಕ್ಯೂಮ್ ಸಾಕು, ಜಾಗ ತಾನ ತುಂಬ್ತೈತಿ. ಡಿಸ್ಕಿಗೇ ಜಾಗ ವಾಪಸ್ ಬೇಕಂದ್ರ ವ್ಯಾಕ್ಯೂಮ್ ಫುಲ್ ಐತಿ, ಖರೆ, ಆದ್ರ ಅದು ಟೇಬಲ್ಲನ್ನ ಹೊಸದಾಗಿ ಇನ್ನೊಂದು ಕಾಪಿ ಬರದು ಹಳೇದನ್ನ ಕಡೀಗೆ ತೆಗೀತೈತಿ, ಅಲ್ಲೀ ತನಕ ಎರಡೂ ಡಿಸ್ಕ್‌ನಾಗ ಇರಬೇಕು, ಟೇಬಲ್ ಪೂರ್ತಿ ಲಾಕ್, ಓದಾಕೂ ಆಗಂಗಿಲ್ಲ. ತೂಕ ನಡದಾಗ ಇದನ್ನ ಹಚ್ಚಬ್ಯಾಡ್ರಿ. ಇದ ಕೆಲಸ ಮಾಡೂ ಪಿಜಿ-ರೀಪ್ಯಾಕ್ ಅನ್ನೂ ಬ್ಯಾರೆ ಟೂಲ್ ಲಾಕ್ ಭಾಳ ಹೊತ್ತು ಹಿಡಿಯಂಗಿಲ್ಲ, ಆದ್ರ ಅದಕ್ಕೂ ಜಾಗ ಬೇಕ ಬೇಕು.

ಇನ್ನೊಂದು, ಡಿಲೀಟ್ ನಡದಾಗ ಡಿಸ್ಕ್ ಮೊದಲು ಇನ್ನೂ ತುಂಬ್ತೈತಿ! ಪ್ರತಿ ಡಿಲೀಟನ್ನೂ ಪೋಸ್ಟ್‌ಗ್ರೆಸ್ ವಾಲ್ ಲಾಗ್‌ನಾಗ (ಬದಲಾವಣಿ ಎಲ್ಲಾ ಬರದಿಡೂ ದಾಖಲಿ) ಬರೀತೈತಿ, ರೆಪ್ಲಿಕಾ, ಅಂದ್ರ ಡೇಟಾದ ನಕಲು ಇಡೂ ಇನ್ನೊಂದು ಸರ್ವರ್, ನಿಂತು ಅದು ಎಲ್ಲೀ ತನಕ ಓದೈತಿ ಅಂತ ಗುರ್ತು ಇಡೂ ಸ್ಲಾಟ್ ಹಂಗ ಉಳದಿದ್ರ ಆ ಲಾಗ್ ಅಳಿಯೂದ ಇಲ್ಲ. ಅದಕ್ಕ ಹತ್ತು ಸಾವಿರ ಸಾಲಿನಂಗ ತುಂಡು ತುಂಡು ಮಾಡಿ ಅಳಸ್ರಿ, ನಡುವ ಕಮಿಟ್ ಮಾಡ್ರಿ (ಅಲ್ಲೀ ತನಕ ಆದದ್ದನ್ನ ಪಕ್ಕಾ ಮಾಡ್ರಿ), ಡಿಸ್ಕ್ ನೋಡ್ಕೋತ ಹೋಗ್ರಿ. ಜಾಗ ಇಲ್ಲಂತ ಆ ಲಾಗ್ ಇರೂ ಪಿಜಿ-ವಾಲ್ ಫೋಲ್ಡರ್‌ನ ಫೈಲ್ ಕೈಯಾರೆ ಅಳಿಸಿದ್ರ ಮಾತ್ರ ಡೇಟಾಬೇಸ್ ಏಳೂದ ಇಲ್ಲ, ದಯಮಾಡಿ ಅದನ್ನ ಮಾಡಬ್ಯಾಡ್ರಿ.

ನನಗ ಸರಿ ಅನ್ಸೂದು ಪಾರ್ಟಿಷನ್, ಅಂದ್ರ ಒಂದ ಟೇಬಲ್ಲನ್ನ ತುಂಡು ಮಾಡಿ ಬ್ಯಾರೆ ಬ್ಯಾರೆ ಫೈಲ್‌ನಾಗ ಇಡೂದು, 2017ರಾಗ ಬಂದ 10ನೇ ಆವೃತ್ತಿಯಿಂದ ಇದು ಪೋಸ್ಟ್‌ಗ್ರೆಸ್‌ನಾಗ ಸಲೀಸಾಗೇತಿ. ರೀಡಿಂಗ್ ಟೇಬಲ್ಲನ್ನ ತಿಂಗಳಿಗೊಂದು ಪಾರ್ಟಿಷನ್ ಮಾಡಿಟ್ರ ಹಳೇ ತಿಂಗಳು ಡ್ರಾಪ್ ಮಾಡಿದ್ರ ಆತು, ಫೈಲೇ ಹೋಗ್ತೈತಿ, ಜಾಗ ಆಗಿಂದಾಗ ವಾಪಸ್. ತೂಕ ಮತ್ತ ಬಿಲ್ಲಿನ ಟೇಬಲ್ ಮಾತ್ರ ಬ್ಯಾರೆ ಮಾತು, ಜಿಎಸ್‌ಟಿ ಲೆಕ್ಕ ವಾರ್ಷಿಕ ರಿಟರ್ನಿನ ಕಡೀ ದಿನಾಂಕದಿಂದ 72 ತಿಂಗಳು ಇಡಬೇಕು, ಹಂಗಾಗಿ ಅವನ್ನ ಮುಟ್ಟೂಕಿಂತ ಮೊದಲು ಆಡಿಟರ್‌ನ ಕೇಳ್ರಿ, ಪಾರ್ಟಿಷನ್ ಡಿಟ್ಯಾಚ್ ಮಾಡಿ (ಮುಖ್ಯ ಟೇಬಲ್ಲಿಂದ ಬಿಡಿಸಿ) ಡಂಪ್, ಅಂದ್ರ ಅದರ ಬ್ಯಾಕಪ್ ಫೈಲ್, ತಗೊಂಡು ಅದನ್ನ ಬ್ಯಾರೆ ಮಷಿನ್‌ನಾಗ ರಿಸ್ಟೋರ್ ಮಾಡಿ ಸಾಲಿನ ಎಣಿಕಿ ತಾಳೆ ಆದ ಮ್ಯಾಲೇನ ಡ್ರಾಪ್ ಮಾಡ್ರಿ.